ಹಳೇ ಬಿಬಿಸಿ ಮೈಕ್ರೋ ಸಿಕ್ಕರೆ ಆನ್ ಮಾಡುವುದು ಹೇಗೆ (ಜೊತೆಗೆ ಏಕಾರ್ನ್ ಕಂಪನಿಯ ಕಥೆ)

ದಾವಣಗೆರೆ, ಚಿತ್ರದುರ್ಗದ ಕಡೆ ಹಳೇ ಹೈಸ್ಕೂಲಿನ ಸ್ಟೋರ್ ರೂಮಿನಲ್ಲೋ ಗುಜರಿ ಅಂಗಡಿಯ ರಾಶಿಯಲ್ಲೋ ಕೆನೆ ಬಣ್ಣದ, ಮೇಲಿನ ಸಾಲಿನಲ್ಲಿ ಕೆಂಪು ಕೀಗಳಿರುವ ದಪ್ಪನೆಯ ಕೀಬೋರ್ಡ್ ಕಂಡರೆ ಬಿಡಬೇಡಿ. ಅದು ಬರೀ ಕೀಬೋರ್ಡ್ ಅಲ್ಲ, ಇಡೀ ಕಂಪ್ಯೂಟರೇ ಅದು. ಹೆಸರು ಬಿಬಿಸಿ ಮೈಕ್ರೋ, ಮಾಡಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ. 1984ರ ಸುಮಾರಿಗೆ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನುವ ಯೋಜನೆ ಶುರು ಮಾಡಿ ನಮ್ಮ ದೇಶದ ಶಾಲೆಗಳಿಗೆ ಹಂಚಿದ್ದು ಇದನ್ನೇ. ಆಮೇಲೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ‘ಯೂನಿಕಾರ್ನ್’ ಹೆಸರಿನಲ್ಲಿ ಇಲ್ಲೇ ತಯಾರಿಸಿತು. ಏಕಾರ್ನ್ ಕಥೆ ತಿಳಿಯೋಕೆ ಈ ಮೆಷಿನ್ ಬಿಚ್ಚಿ ನೋಡುವುದಕ್ಕಿಂತ ಒಳ್ಳೆ ದಾರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಮೊದಲ ಮಾತು: ಸಿಕ್ಕ ತಕ್ಷಣ ಪ್ಲಗ್ ಹಾಕಬೇಡಿ. ಹಾಕಿದರೆ ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಢಬ್ ಅಂತ ಶಬ್ದ, ಮನೆ ತುಂಬಾ ನಾರುವ ಹೊಗೆ ಬರಬಹುದು. ಕಾರಣ ಪವರ್ ಸಪ್ಲೈಯಲ್ಲಿರುವ ಎರಡು ಫಿಲ್ಟರ್ ಕೆಪಾಸಿಟರ್. ಹಳದಿ ಛಾಯೆಯ ಪಾರದರ್ಶಕ ಡಬ್ಬಿ, ಮೈತುಂಬಾ ಸಣ್ಣ ಬಿರುಕು ಕಂಡರೆ ಅವೇ. ಬಿರುಕಿನಿಂದ ತೇವ ಒಳಗೆ ಹೋಗಿ ಕೆಡುತ್ತವೆ. ಸಿ1 ಅನ್ನೋದು 100 ನ್ಯಾನೋಫ್ಯಾರಡ್, ಸಿ9 ಅನ್ನೋದು 10. ಎರಡಕ್ಕೂ ಎಕ್ಸ್2 ದರ್ಜೆಯದ್ದೇ (ನೇರ ಮೇನ್ಸ್ ಕರೆಂಟಿಗೆ ಹಾಕಲೆಂದೇ ಮಾಡಿದ್ದು) ಹಾಕಬೇಕು, ಸಿಕ್ಕಿದ್ದನ್ನು ಹಾಕೋದಲ್ಲ. ಪ್ಲಗ್ ಕಿತ್ತಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ, ಹಾಗಾಗಿ ಅಭ್ಯಾಸ ಇಲ್ಲದವರು ಹಳೇ ಟಿವಿ ರಿಪೇರಿಯವರಿಗೆ ಕೊಡಿ. ಅವರಿಗೆ ಇದು ಅರ್ಧ ಗಂಟೆಯ ಕೆಲಸ.

ಮುಚ್ಚಳ ತೆಗೆಯಲು ಹಿಂದೆ ಎರಡು, ಅಡಿಯಲ್ಲಿ ಎರಡು ಸ್ಕ್ರೂ. ಪಕ್ಕದಲ್ಲಿ ‘ಫಿಕ್ಸ್’ ಅಂತ ಅಚ್ಚಾಗಿರುತ್ತದೆ, ಬೇರೆಯವನ್ನು ಮುಟ್ಟಬೇಡಿ. ಎಡಕ್ಕೆ ಪವರ್ ಸಪ್ಲೈ. ಅದರಿಂದ ಬೋರ್ಡಿಗೆ ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ ವೈರ್. ಕೆಂಪಿನಲ್ಲಿ 5 ವೋಲ್ಟ್ ಬರಬೇಕು. ನಮ್ಮ ಕಡೆಯ ಧೂಳು ಗೊತ್ತಲ್ವಾ, ಒಣ ಬ್ರಷ್‌ನಲ್ಲಿ ಮೆಲ್ಲಗೆ ಗುಡಿಸಿ. ಬಲಗಡೆ ಮುಂದಿನ ಸಾಲಿನಲ್ಲಿರುವ, ಪ್ರೋಗ್ರಾಮ್ ಕಾಯಂ ಆಗಿ ತುಂಬಿಟ್ಟಿರುವ ರೋಮ್ ಚಿಪ್‌ಗಳು ಬಿಸಿಗೆ ಹಿಗ್ಗಿ ಕುಗ್ಗಿ ಸಾಕೆಟ್‌ನಿಂದ ಮೇಲೆದ್ದಿರುತ್ತವೆ. ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಿ. ಎಷ್ಟೋ ‘ಸತ್ತ’ ಮೆಷಿನ್ ಇಷ್ಟಕ್ಕೇ ಎದ್ದು ಕೂರುತ್ತವೆ.

ಈ ಬೋರ್ಡ್ ಹುಟ್ಟಿದ್ದೇ ಒಂದು ಓಟದಲ್ಲಿ. ಹರ್ಮನ್ ಹೌಸರ್ ಮತ್ತು ಕ್ರಿಸ್ ಕರಿ 1978ರಲ್ಲಿ ಕಂಪನಿ ಕಟ್ಟಿದರು. 1981ರಲ್ಲಿ ಬಿಬಿಸಿಗೆ ತನ್ನ ಟಿವಿ ಪಾಠಗಳ ಜೊತೆಗೆ ಒಂದು ಕಂಪ್ಯೂಟರ್ ಬೇಕಾಗಿತ್ತು. ಬಿಬಿಸಿಯವರು ನೋಡಲು ಬರುವಷ್ಟರಲ್ಲಿ ಮಾದರಿ ತಯಾರಾಗಬೇಕು, ಕೈಯಲ್ಲಿದ್ದದ್ದು ಒಂದು ವಾರಕ್ಕಿಂತ ಕಡಿಮೆ. ಹೌಸರ್ ಏನು ಮಾಡಿದ ಗೊತ್ತಾ? ತನ್ನ ಕಂಪನಿಯ ಇಂಜಿನಿಯರ್ ಸೋಫಿ ವಿಲ್ಸನ್ ಹತ್ತಿರ ‘ಸ್ಟೀವ್ ಫರ್ಬರ್ ಆಗುತ್ತೆ ಅಂದಿದ್ದಾನೆ’ ಅಂದ, ಫರ್ಬರ್ ಹತ್ತಿರ ವಿಲ್ಸನ್ ಹೆಸರು ಹೇಳಿದ. ಇಬ್ಬರೂ ಒಪ್ಪಿಬಿಟ್ಟರು! ಬಿಬಿಸಿಯವರು ಬರುವ ದಿನ ಬೆಳಗಿನವರೆಗೂ ಅದು ಜಪ್ಪಯ್ಯ ಅಂದರೂ ಓಡಲಿಲ್ಲ, ಕೊನೆಗೆ ಡೆವಲಪ್‌ಮೆಂಟ್ ಸಿಸ್ಟಮ್‌ಗೆ (ಪರೀಕ್ಷೆಗೆ ಬಳಸುವ ಇನ್ನೊಂದು ಕಂಪ್ಯೂಟರ್‌ಗೆ) ಜೋಡಿಸಿದ್ದ ವೈರ್ ಕತ್ತರಿಸಿದ ಮೇಲೆ ಓಡಿತು. 12,000 ಹೋದರೆ ಹೆಚ್ಚು ಅಂದುಕೊಂಡಿದ್ದು ಕೊನೆಗೆ 15 ಲಕ್ಷ ದಾಟಿತು.

ಈಗ ಟಿವಿ. ಮೆಷಿನ್ ಹಿಂದಿನ ಬಿಎನ್‌ಸಿ ಸಾಕೆಟ್‌ನಿಂದ ಟಿವಿಯ ಎವಿ ಇನ್‌ಗೆ ಹೋಗಬೇಕು. ಇದಕ್ಕೆ ಆನ್‌ಲೈನ್‌ನಲ್ಲಿ ಹುಡುಕಬೇಡಿ, ಸಿಸಿಟಿವಿ ಕ್ಯಾಮೆರಾ ಹಾಕುವವರ ಹತ್ತಿರ ಬಿಎನ್‌ಸಿಯಿಂದ ಆರ್‌ಸಿಎ ಪಿನ್ ಕೇಳಿ, ಕೊಡುತ್ತಾರೆ. ಚಿತ್ರ ಕಪ್ಪು ಬಿಳುಪು ಬರುತ್ತದೆ, ಮೆಷಿನ್ ಕೆಟ್ಟಿದೆ ಅಂತಲ್ಲ, ಆ ಸಾಕೆಟ್ ಇರೋದೇ ಹಾಗೆ.

ಸ್ವಿಚ್ ಹಾಕಿ. ಒಂದು ದಪ್ಪ ಸ್ವರ, ಹಿಂದೆಯೇ ಒಂದು ಸಣ್ಣ ಬೀಪ್ ಬಂದರೆ ಗೆದ್ದಿರಿ. ಮೊದಲನೆಯದೇ ರಾಗ ಎಳೆಯುತ್ತಾ ನಿಂತರೆ ಆಫ್ ಮಾಡಿ, ಚಿಪ್‌ಗಳನ್ನೂ ಕೀಬೋರ್ಡ್ ಕೇಬಲ್‌ನ್ನೂ ಮತ್ತೆ ಒತ್ತಿ. ಸರಿಯಾಗಿ ಬಂದರೆ ‘ಪ್ರಿಂಟ್ ಹೈಮೆಮ್’ (PRINT HIMEM, ಅಂದರೆ ಪ್ರೋಗ್ರಾಮಿಗೆ ಸಿಗುವ ಮೆಮೊರಿ ಎಲ್ಲಿಗೆ ಮುಗಿಯುತ್ತದೆ ಅಂತ ಕೇಳುವುದು) ಅಂತ ಟೈಪ್ ಮಾಡಿ: 31744 ಅನ್ನುತ್ತದೆ. ಆಮೇಲೆ ‘ಮೋಡ್ 2’ (MODE 2, ಬಣ್ಣದ ಪರದೆ) ಕೊಟ್ಟು ಅದನ್ನೇ ಕೇಳಿ: 12288. ಇರುವುದೇ 32 ಕೆಬಿ, ಅದರಲ್ಲಿ 20 ಕೆಬಿಯನ್ನು ಬಣ್ಣದ ಪರದೆಯೇ ನುಂಗಿತು. ಉಳಿದಷ್ಟರಲ್ಲೇ ಆಗಿನವರು ಗೇಮ್ ಬರೆದರು.

ಸ್ವಲ್ಪ ಹೊತ್ತು ಬಿಟ್ಟು ಹೀಟ್‌ಸಿಂಕ್ ಅಂಟಿಸಿದ ಚಿಪ್ ಹತ್ತಿರ ಕೈ ಹಿಡಿದು ನೋಡಿ, ಕಾದಿರುತ್ತದೆ. ಅದು ಫೆರಾಂಟಿ ಕಂಪನಿಯ, ಹಲವು ಚಿಪ್‌ಗಳ ಕೆಲಸವನ್ನು ಒಂದರಲ್ಲೇ ತುಂಬಿಸಿದ ಯುಎಲ್‌ಎ. ಮುಂದೆ ಇಂಥದ್ದೇ ಚಿಪ್ ಕಂಪನಿಯನ್ನು ಮುಳುಗಿಸಿತು. 1983ರ ಅಗ್ಗದ ಮೆಷಿನ್ ಎಲೆಕ್ಟ್ರಾನ್‌ಗೆ ಕ್ರಿಸ್‌ಮಸ್ ಹೊತ್ತಿಗೆ ಯುಎಲ್‌ಎ ಸಾಕಾಗಲಿಲ್ಲ. ಗಿರಾಕಿ ಇದ್ದಾಗ ಮಾಲಿಲ್ಲ, ಮರುವರ್ಷ ಮಾಲಿದ್ದಾಗ ಗಿರಾಕಿ ಇಲ್ಲ. 1985ರಲ್ಲಿ ಇಟಲಿಯ ಒಲಿವೆಟ್ಟಿ ಕೈ ಹಿಡಿಯಬೇಕಾಯಿತು.

ಆಫ್ ಮಾಡಿ, ಮೆಷಿನ್ ಮಗುಚಿ. ಮುಂಭಾಗದ ಅಡಿಯಲ್ಲಿ ‘ಟ್ಯೂಬ್’ ಅನ್ನುವ ಕನೆಕ್ಟರ್ ಇದೆ, ಎರಡನೇ ಪ್ರೊಸೆಸರ್ ಜೋಡಿಸಲಿಕ್ಕೆ. ಕಂಪನಿ ಸಾಲದಲ್ಲಿದ್ದ ಅದೇ 1985ರ ಏಪ್ರಿಲ್ 26ರಂದು ವಿಲ್ಸನ್, ಫರ್ಬರ್ ರೂಪಿಸಿದ ಹೊಸ ಚಿಪ್ ಬಿಬಿಸಿ ಮೈಕ್ರೋದ ಎರಡನೇ ಪ್ರೊಸೆಸರ್ ಆಗಿ ಓಡಿತು. ಅದೇ ಆರ್ಮ್. ಫರ್ಬರ್ ಮೀಟರ್ ಹಿಡಿದರೆ ಸೊನ್ನೆ! ಬೋರ್ಡಿನಿಂದ ಚಿಪ್‌ಗೆ ಪವರ್ ಬರುತ್ತಲೇ ಇರಲಿಲ್ಲ, ಬೇರೆ ಸಿಗ್ನಲ್ ವೈರ್‌ಗಳಲ್ಲಿ ಸೋರಿ ಬಂದ ಕರೆಂಟಿನಲ್ಲೇ ಅದು ಕೆಲಸ ಮಾಡುತ್ತಿತ್ತು. 1990ರಲ್ಲಿ ಆಪಲ್ ಮತ್ತು ಚಿಪ್ ತಯಾರಿಸುವ ವಿಎಲ್‌ಎಸ್‌ಐ ಜೊತೆ ಸೇರಿ ಆರ್ಮ್ ಬೇರೆ ಕಂಪನಿಯಾಯಿತು. ನಿಮ್ಮ ಕೈಯಲ್ಲಿರುವ ಫೋನ್ ಓಡುವುದೂ ಆ ವಂಶದ ಚಿಪ್‌ನಲ್ಲೇ.

ಮೆಷಿನ್ ಸಿಗದಿದ್ದರೂ ಬೇಜಾರಿಲ್ಲ. ಬ್ರೌಸರ್‌ನಲ್ಲಿ ‘ಜೆಎಸ್‌ಬೀಬ್’ ಹುಡುಕಿ, ಪುಕ್ಕಟೆ. ಮೇಲೆ ಹೇಳಿದ ಹೈಮೆಮ್ ಲೆಕ್ಕ ಅಲ್ಲೂ ಅಷ್ಟೇ ಬರುತ್ತದೆ. ಫೋನಿನಲ್ಲಿ ಟೈಪ್ ಮಾಡೋದು ರಗಳೆ, ಕೀಬೋರ್ಡ್ ಇರುವ ಕಂಪ್ಯೂಟರಿನಲ್ಲಿ ತೆರೆಯಿರಿ. ಬ್ರೇಕ್ ಕೀ (ಮೆಷಿನ್ ಮತ್ತೆ ಮೊದಲಿನಿಂದ ಶುರು ಮಾಡುವ ಕೀ) ಬೇಕಾದರೆ ಎಫ್12 ಒತ್ತಿ.