ಅಣ್ಣ, ಭಾವ, ಷಡ್ಡಕ, ಚಡ್ಡಿ ದೋಸ್ತ: ಇವ್ರನ್ನೆಲ್ಲಾ ಇಂಗ್ಲಿಷಲ್ಲಿ ಏನಂತ ಹೇಳೋದು

ನಮ್ ದೊಡ್ಡಪ್ಪನ ಮಗ, ನಮ್ಮಣ್ಣ, ತೀರ್ಕಂಡಾಗ ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೆ. ರಾತ್ರಿ ಫೋನ್ ಬಂತು, ದಾವಣಗೆರೆ ಬಸ್ ಹತ್ತೋಕ್ ಮುಂಚೆ ಮೊಬೈಲಲ್ಲೇ ರಜೆ ಮೇಲ್ ಹಾಕ್ದೆ, ಮೈ ಬ್ರದರ್ ಪಾಸ್ಡ್ ಅವೇ ಅಂತ. ತಿಥಿ ಮುಗಿಸ್ಕಂಡು ವಾಪಸ್ ಹೋದ್ಮೇಲೆ ಆಫೀಸಲ್ಲಿ ಕರೆದು ಕೂರಿಸಿ ಕೇಳಿದ್ರು, ನಿಮ್ ಫಾರ್ಮಲ್ಲಿ ಒಬ್ಳೇ ತಂಗಿ ಅಂತ ಬರ್ದಿದೀರಲ್ಲ, ಈ ಬ್ರದರ್ ಯಾರು ಅಂತ. ಒಂದೇ ಮನೇಲಿ ಒಂದೇ ತಟ್ಟೇಲಿ ಉಂಡು ಬೆಳೆದೋರು ನಾವು, ಅವನಿಗೆ ಮಣ್ಣು ಹಾಕಿ ಬಂದು ಇನ್ನೂ ಕಣ್ಣು ಆರಿರ್ಲಿಲ್ಲ, ಅವನು ನನಗೆ ಏನಾಗ್ಬೇಕು ಅಂತ ವಿವರಣೆ ಬರ್ಕೊಡ್ಬೇಕಾಯ್ತು. ಸುಳ್ಳು ಹೇಳ್ದೋನ ತರ ಕೂತಿದ್ದೆ. ಆ ನೋವು ಇನ್ನೂ ಐತೆ, ಆದ್ರೆ ಸಮಸ್ಯೆ ಇದ್ದಿದ್ದು ಒಂದು ಪದದಲ್ಲಿ. ಇಲ್ಲಿ ದಾವಣಗೆರೇಲಿ ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಓದ್ತಿರೋ ನಮ್ ಹುಡುಗ್ರು ನಾಳೆ ಇಂಥ ಆಫೀಸುಗಳಿಗೇ ಹೋಗೋರು, ಅದಕ್ಕೆ ನಾನು ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲು ಇದನ್ನ ತಲೇಲಿ ಇಟ್ಕಳಿ: ಅಣ್ಣ ಅನ್ನೋದರಲ್ಲಿ ನಮಗೆ ವಯಸ್ಸೂ ಐತೆ, ಗೌರವಾನೂ ಐತೆ, ಸಂಬಂಧಾನೂ ಐತೆ. ಬ್ರದರ್ ಅನ್ನೋದರಲ್ಲಿ ಇರೋದು ಒಂದೇ, ಒಂದೇ ಅಪ್ಪ ಅಮ್ಮನ ಮಗ. ದೊಡ್ಡೋನೋ ಚಿಕ್ಕೋನೋ ಅಂತ ಬೇಕಾದ್ರೆ ಓಲ್ಡರ್ ಬ್ರದರ್, ಯಂಗರ್ ಬ್ರದರ್ ಅಂತ ಬೇರೆ ಸೇರಿಸ್ಬೇಕು. ಒಡಹುಟ್ಟಿದೋರು ಎಷ್ಟು ಜನ ಅಂತ ಕೇಳೋಕೆ ಸಿಬ್ಲಿಂಗ್ಸ್ ಅಂತಾರೆ, ಫಾರ್ಮಲ್ಲಿ ಈ ಕಾಲಂ ಬಂದ್ರೆ ನಿಮ್ಮ ಸ್ವಂತ ಅಕ್ಕ ತಂಗಿ ಅಣ್ಣ ತಮ್ಮಂದಿರನ್ನ ಮಾತ್ರ ಬರೀರಿ.

ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು, ಸೋದರಮಾವನ ಮಕ್ಕಳು, ಸೋದರತ್ತೆ ಮಕ್ಕಳು, ಎಲ್ಲರಿಗೂ ಇಂಗ್ಲಿಷಲ್ಲಿ ಒಂದೇ ಪದ, ಕಸಿನ್. ಗಂಡು ಹೆಣ್ಣು ಅಂತ ಭೇದ ಇಲ್ಲ. ನಾವು ಅದಕ್ಕೇ ಕಸಿನ್ ಬ್ರದರ್, ಕಸಿನ್ ಸಿಸ್ಟರ್ ಅಂತ ಮಾಡ್ಕಂಡಿದೀವಿ, ನಮ್ ದೇಶದಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ, ಹೊರಗಿನೋರ ಜೊತೆ ಮಾತಾಡುವಾಗ ಬರೀ ಕಸಿನ್ ಸಾಕು. ಇನ್ನೊಂದು ನೋಡಿ, ಮಾವನ ಮಗನ್ನ ಕಸಿನ್ ಬ್ರದರ್ ಅಂದ್ರೆ ನಮ್ ಲೆಕ್ಕದಲ್ಲೇ ತಪ್ಪು, ಆತ ಬ್ರದರ್ ಅಲ್ಲ, ಭಾವನೋ ಮೈದುನನೋ ಆಗ್ತಾನೆ, ನಮ್ಮಲ್ಲಿ ಎಷ್ಟೋ ಮನೇಲಿ ಆ ವರಸೇಲೇ ಮದುವೆ ಮಾಡ್ತಾರೆ. ಅದಕ್ಕೂ ಬರೀ ಕಸಿನ್ನೇ ಸರಿ. ಇನ್ನ ಆ ಕಸಿನ್ ನಿಮಗೆ ನಿಜವಾಗ್ಲೂ ಅಣ್ಣನೇ ಅಂತ ಹೇಳ್ಬೇಕು ಅಂದ್ರೆ ಹಿ ಈಸ್ ಲೈಕ್ ಎ ಬ್ರದರ್ ಟು ಮಿ ಅನ್ನಿ, ಅಥವಾ ವಿ ಗ್ರೂ ಅಪ್ ಟುಗೆದರ್ ಅನ್ನಿ. ಈ ಎರಡನೇ ಮಾತು ನಂಗೆ ಬಾಳ ಇಷ್ಟ, ಚಡ್ಡಿ ದೋಸ್ತನಿಗೂ ಇದೇ ಹೊಂದುತ್ತೆ, ಚೈಲ್ಡ್‌ಹುಡ್ ಫ್ರೆಂಡ್ ಅಂತಾನೂ ಹೇಳಬಹುದು.

ಭಾವ, ಮೈದುನ, ಭಾಮೈದ, ಷಡ್ಡಕ, ನಾಲ್ಕಕ್ಕೂ ಬ್ರದರ್ ಇನ್ ಲಾ. ಷಡ್ಡಕನಿಗೆ ಕೋ ಬ್ರದರ್ ಅನ್ನೋದು, ಓರಗಿತ್ತಿಗೆ ಕೋ ಸಿಸ್ಟರ್ ಅನ್ನೋದು ನಮ್ ಕಡೆ ಇಂಗ್ಲಿಷ್, ಹೊರದೇಶದೋರಿಗೆ ತಿಳಿಯಲ್ಲ, ಅಲ್ಲಿ ಮೈ ವೈಫ್ಸ್ ಸಿಸ್ಟರ್ಸ್ ಹಸ್ಬೆಂಡ್ ಅಂತ ಬಿಡಿಸಿ ಹೇಳಿ. ಬೀಗರಿಗಂತೂ ದಿನಬಳಕೇಲಿ ಪದಾನೇ ಇಲ್ಲ, ಮೈ ಡಾಟರ್ಸ್ ಇನ್ ಲಾಸ್ ಅಂತ ಸುತ್ತಿ ಹೇಳ್ಬೇಕು.

ಈಗ ಕರೆಯೋ ವಿಷಯ. ನಾವು ಬೆಣ್ಣೆದೋಸೆ ಹೋಟ್ಲಲ್ಲಿ ಅಣ್ಣಾ ಇನ್ನೊಂಚೂರು ಪಲ್ಯ ಅಂತೀವಿ, ಆಟೋದೋರಿಗೆ ಅಣ್ಣಾ, ಮಂಡಕ್ಕಿ ಕಟ್ಟಿಕೊಡೋರಿಗೆ ಅಣ್ಣಾ. ಅದು ನಮ್ಮೂರ ಮರ್ಯಾದೆ, ಬಿಡಬ್ಯಾಡ್ರಿ. ಆದ್ರೆ ಇಂಗ್ಲಿಷಲ್ಲಿ ಗುರುತಿಲ್ಲದೋರಿಗೆ ಬ್ರದರ್ ಅಂದ್ರೆ ಅವರಿಗೆ ವಿಚಿತ್ರ ಅನ್ಸುತ್ತೆ, ಅಲ್ಲಿ ಎಕ್ಸ್‌ಕ್ಯೂಸ್ ಮಿ ಅಂತ ಶುರು ಮಾಡಿದ್ರೆ ಸಾಕು. ಆಫೀಸಲ್ಲಿ ಸೀನಿಯರ್‌ಗೆ ಅಣ್ಣ ಅನ್ನೋ ಜಾಗದಲ್ಲಿ ಹೆಸರೇ ಹಿಡಿದು ಕರೀಬೇಕು, ನಮಗೆ ಬಾಯೇ ಬರಲ್ಲ ನಿಜ, ಆದ್ರೆ ಅವರ ಪದ್ಧತೀಲಿ ಅದು ಅಗೌರವ ಅಲ್ಲ.

ಬ್ರೋ ಅನ್ನೋದು ಸರೀಕರ ಪದ. ಕಾಲೇಜ್ ಕ್ಯಾಂಟೀನಲ್ಲಿ, ಕ್ರಿಕೆಟ್ ಗ್ರೌಂಡಲ್ಲಿ ಚೆನ್ನಾಗಿರುತ್ತೆ, ಇಂಟರ್‌ವ್ಯೂ ಮಾಡೋರಿಗೆ, ಕ್ಲೈಂಟಿಗೆ ಬ್ಯಾಡ. ಬ್ರಹ್ ಅಂತ ಹುಡುಗ್ರು ಟೈಪ್ ಮಾಡೋದು ಕರೆಯೋದಕ್ಕಿಂತ ಜಾಸ್ತಿ ನಮ್ ಅಯ್ಯೋ ಲೇ ಇದ್ದಂಗೆ. ಡ್ಯೂಡ್, ಬಡ್ಡಿ ಅಮೆರಿಕದಲ್ಲಿ ಜಾಸ್ತಿ, ಮೇಟ್ ಬ್ರಿಟನ್, ಆಸ್ಟ್ರೇಲಿಯಾ ಕಡೆ. ಅಲ್ಲಿ ಗುರುತಿಲ್ಲದೋರೂ ಚೀಯರ್ಸ್ ಮೇಟ್ ಅಂತಾರೆ, ಅಂದ್ರೆ ಥ್ಯಾಂಕ್ಸ್ ಕಣಪ್ಪಾ ಅಂತ. ಆದ್ರೆ ದನಿ ನೋಡ್ಬೇಕು, ಲಿಸನ್ ಮೇಟ್ ಅಂತ ಬಿಗಿಯಾಗಿ ಹೇಳಿದ್ರೆ ಅದು ಎಚ್ಚರಿಕೆ, ನಾವು ನೋಡಪ್ಪಾ ತಮ್ಮಾ ಅಂತ ಹಲ್ಲು ಕಚ್ಕಂಡು ಹೇಳಲ್ವಾ, ಹಂಗೆ.

ಪಾರ್ಟ್ನರ್ ಅನ್ನೋ ಪದದ ಬಗ್ಗೆ ಒಂದ್ಮಾತು. ಮಂಡಿಪೇಟೇಲಿ ಇಬ್ಬರು ಸೇರಿ ಅಂಗಡಿ ಹಾಕಿದ್ರೆ ಈತ ನಮ್ ಪಾರ್ಟ್ನರ್ ಅಂತೀವಿ, ಇಂಗ್ಲಿಷರ ಕಿವಿಗೆ ಅದು ಬಾಳಸಂಗಾತಿ ಅಂತಾನೂ ಕೇಳ್ಸುತ್ತೆ. ಬಿಸಿನೆಸ್ ಪಾರ್ಟ್ನರ್ ಅಂತ ಪೂರ್ತಿ ಹೇಳಿ.

ಜೊತೆಗಾರರ ಪದಗಳ ಹುಟ್ಟು ಗೊತ್ತಾದ್ರೆ ಮರೆಯೋದೇ ಇಲ್ಲ, ಇದು ನಂಗೆ ಬಾಳ ಹಿಡಿಸಿದ ಭಾಗ. ಕಂಪ್ಯಾನಿಯನ್ ಲ್ಯಾಟಿನ್ನಿಂದ ಬಂದಿದ್ದು, ಕಾಮ್ ಅಂದ್ರೆ ಜೊತೆ, ಪಾನಿಸ್ ಅಂದ್ರೆ ರೊಟ್ಟಿ, ಒಟ್ಟಿಗೆ ರೊಟ್ಟಿ ತಿನ್ನೋನು. ಸಂಜೆ ಒಂದು ಪೇಪರ್ ಹಾಸ್ಕಂಡು ನಾಲ್ಕು ಜನ ಮಂಡಕ್ಕಿಗೆ ಕೈ ಹಾಕಿ ಮೆಣಸಿನಕಾಯಿ ಮುರ್ಕಂಡು ತಿಂತೀವಲ್ಲ, ಅದೇ. ಆದ್ರೆ ಇವತ್ತು ಮಾತಲ್ಲಿ ಗೆಳೆಯನಿಗೆ ಕಂಪ್ಯಾನಿಯನ್ ಅಂದ್ರೆ ಪುಸ್ತಕದ ಭಾಷೆ ಆಗುತ್ತೆ, ಪ್ರಯಾಣದ ಜೊತೆಗಾರನಿಗೆ ಟ್ರಾವೆಲ್ ಕಂಪ್ಯಾನಿಯನ್ ಅಂದ್ರೆ ಸರಿಹೋಗುತ್ತೆ. ಕಾಮ್ರೇಡ್ ಸ್ಪ್ಯಾನಿಷಿನ ಕಮರಾದಾದಿಂದ ಬಂದಿದ್ದು, ಕಾಮರ ಅಂದ್ರೆ ಕೋಣೆ, ಅಂದ್ರೆ ಒಂದೇ ಕೋಣೆಯೋರು. ನಮ್ಮೂರಿಗೆ ಈ ಪದ ಹೊಸದಲ್ಲ, ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರಾಗಿತ್ತು ಇದು, ಸಿಪಿಐ ಶಾಸಕರಾಗಿದ್ದ ಪಂಪಾಪತಿ ಅವರನ್ನ ಕಾಮ್ರೇಡ್ ಅಂತ ಸೇರಿಸಿಯೇ ಹೇಳೋ ಹಿರಿಯರು ಇದಾರೆ. ಇವತ್ತೂ ಆ ಪದಕ್ಕೆ ಹೋರಾಟದ ವಾಸನೆ ಐತೆ, ರೂಮಲ್ಲಿರೋ ಗೆಳೆಯನಿಗೆ ರೂಮ್‌ಮೇಟ್ ಅಂದ್ರೇ ಸಾಕು. ಪಾಲ್ ಅಂತ ಇನ್ನೊಂದು ಪುಟ್ಟ ಪದ ಐತಲ್ಲ, ಪೆನ್ ಪಾಲ್ ಅಂತೀವಲ್ಲ, ಅದು ರೊಮಾನಿ ಜನರ ಭಾಷೆಯಿಂದ ಇಂಗ್ಲಿಷಿಗೆ ಹೋಗಿದ್ದು, ಅರ್ಥ ಅಣ್ಣತಮ್ಮ, ಸಂಸ್ಕೃತದ ಭ್ರಾತೃಗೂ ಅದಕ್ಕೂ ಒಂದೇ ಬೇರು. ನೂರಾರು ವರ್ಷದ ಹಿಂದೆ ನಮ್ ದೇಶದ ಕಡೆಯಿಂದ ಯುರೋಪಿಗೆ ಹೋದ ಈ ರೊಮಾನಿ ಜನ ಜೊತೆಗೆ ಈ ಪದಾನೂ ಹೊತ್ಕಂಡು ಹೋಗಿದ್ರು ಅಂದ್ರೆ ಮನಸ್ಸಿಗೆ ಏನೋ ಆಗುತ್ತೆ.

ಗಳಸ್ಯ ಕಂಠಸ್ಯ ಅನ್ನೋಕೆ ದೇ ಆರ್ ಆ್ಯಸ್ ಥಿಕ್ ಆ್ಯಸ್ ಥೀವ್ಸ್ ಅಂತಾರೆ, ಕಳ್ಳರು ಅಂತ ಇದ್ರೂ ಬೈಗುಳ ಅಲ್ಲ. ಕಷ್ಟಕ್ಕೆ ನಿಲ್ಲೋ ಗೆಳೆಯನಿಗೆ ಹಿ ಹ್ಯಾಸ್ ಮೈ ಬ್ಯಾಕ್.

ಬ್ರದರ್‌ಹುಡ್ ಅನ್ನೋದನ್ನ ಮಾತಲ್ಲಿ ಕಮ್ಮಿ ಬಳಸಿ, ಅದು ಭಾಷಣದ ಪದ, ಸಂಘಟನೆ ಹೆಸರಿನ ಪದ. ಟೀಮಲ್ಲಿ ಇರೋ ಒಗ್ಗಟ್ಟಿಗೆ ಕಾಮರಾಡರಿ ಅಂತಾರೆ. ಸಂವಿಧಾನದ ಪೀಠಿಕೇಲಿ ಇರೋದು ಫ್ರೆಟರ್ನಿಟಿ, ಅದೇ ಭ್ರಾತೃತ್ವ. ಇಲ್ಲಿ ಡಾಕ್ಟ್ರುಗಳಿಗೆ ಮೆಡಿಕಲ್ ಫ್ರೆಟರ್ನಿಟಿ ಅಂದ್ರೆ ಸರಿ, ಅಮೆರಿಕದ ಕಾಲೇಜಲ್ಲಿ ಫ್ರೆಟರ್ನಿಟಿ ಅಂದ್ರೆ ಹುಡುಗರ ಸಂಘ, ಎಂಎಸ್ ಮಾಡೋಕೆ ಹೋಗೋರು ಗೊಂದಲ ಮಾಡ್ಕಬ್ಯಾಡ್ರಿ.

ವರ್ಷದ ತಿಥಿಗೆ ಊರಿಗೆ ಬರೋಕೆ ನಾನು ಅದೇ ಆಫೀಸಿಗೆ ಮತ್ತೆ ಮೇಲ್ ಹಾಕ್ದೆ. ನಾಲ್ಕು ಸಲ ಅಳಿಸಿ ಬರೆದು ಕೊನೆಗೆ ಕಳ್ಸಿದ್ದು ಇಷ್ಟು: ಇಟ್ ಈಸ್ ಮೈ ಕಸಿನ್ಸ್ ಫಸ್ಟ್ ಡೆತ್ ಆ್ಯನಿವರ್ಸರಿ. ವಿ ಗ್ರೂ ಅಪ್ ಇನ್ ದಿ ಸೇಮ್ ಹೌಸ್ ಆ್ಯಂಡ್ ಹಿ ವಾಸ್ ಎ ಬ್ರದರ್ ಟು ಮಿ. ಐ ನೀಡ್ ಟು ಬಿ ಹೋಮ್ ದಟ್ ಡೇ. ಅರ್ಧ ಗಂಟೇಲಿ ಸರಿ ಅಂತ ಉತ್ತರ ಬಂತು, ಯಾರೂ ಏನೂ ಕೇಳ್ಲಿಲ್ಲ.