ಬೈಗುಳ ಬೇಡ, ದೂರಿನ ನಂಬರ್ ಹಾಕಿ

ಬೆಂಗಳೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. ನೀರು ಬಂತಾ, ಕಸದ ಗಾಡಿ ಬಂತಾ ಅಂತ ಕೇಳಿಕೊಳ್ಳಲು ಶುರುವಾದ ಗ್ರೂಪ್. ಬರಬರುತ್ತಾ ಜಗಳವೇ ಜಾಸ್ತಿಯಾಯಿತು. ಪಾರ್ಕಿಂಗ್, ಬೀದಿ ನಾಯಿ, ಪಕ್ಷ, ಭಾಷೆ, ಎಲ್ಲದಕ್ಕೂ.

ಇದಕ್ಕೆ ಬರೀ ಮೊಬೈಲನ್ನು ದೂರಿದರೆ ಆಗುವುದಿಲ್ಲ. ಪಾಲಿಕೆಯ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಮನೆ ಮುಂದೆ ನಿಂತು ಕೇಳೋಣ ಅಂದರೆ ವಾರ್ಡಿಗೊಬ್ಬ ಸದಸ್ಯ ಇರಲಿಲ್ಲ. ಆ ಸಿಟ್ಟೆಲ್ಲ ಪಕ್ಕದ ಮನೆಯವರ ಮೇಲೆ ಬೀಳುತ್ತಿತ್ತು.

ಹಾಗಾಗಿ ಮೊದಲು ಒಂದು ಕಟ್ಟುಪಾಡು ಮಾಡಿದೆ. ದೂರು ಹೇಳುವವರು ಫೋಟೊ, ಅಡ್ಡರಸ್ತೆ, ಜೊತೆಗೆ ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ಪಡೆದ ದೂರಿನ ನಂಬರ್ ಹಾಕಬೇಕು. ಕರೆಂಟ್ ವಿಷಯವಾದರೆ 1912. ನಂಬರ್ ಇದ್ದರೆ ನಾಲ್ಕು ಜನ ಅದನ್ನು ಹಿಡಿದು ಎಂಜಿನಿಯರ್ ಹತ್ತಿರ ಹೋಗಬಹುದು. 'ಯಾರಿಗೂ ಜವಾಬ್ದಾರಿ ಇಲ್ಲ' ಅಂತ ಸುಮ್ನೆ ಬರೆದರೆ ಎಲ್ಲಿಗೆ ಹೋಗುವುದು?

ಎರಡನೆಯದು, ಜಗಳ ಬಿಸಿಯಾಗುತ್ತಿದೆ ಅನ್ನಿಸಿದ ಕೂಡಲೇ ಇಬ್ಬರಿಗೂ ಫೋನ್ ಮಾಡುವುದು. ನಾಯಿಗಳಿಗೆ ಅನ್ನ ಹಾಕುವ ಒಬ್ಬರು ಮೇಡಂ, ಮೊಮ್ಮಗನನ್ನು ಶಾಲೆಗೆ ಬಿಡುವ ಒಬ್ಬರು ಹಿರಿಯರು. ಗ್ರೂಪಿನಲ್ಲಿ ಇಬ್ಬರೂ 'ನಿಮ್ಮಂಥವರಿಂದಲೇ' ಅನ್ನುವ ಮಟ್ಟಕ್ಕೆ ಹೋಗಿದ್ದರು. "ಸರ್, ಅಲ್ಲಿ ಬರೀಬೇಡಿ, ಸಂಜೆ ಪಾರ್ಕಿಗೆ ಬನ್ನಿ, ಮೇಡಂ ಕೂಡ ಬರ್ತಾರೆ" ಅಂದೆ. ಒಂದೇ ರಸ್ತೆಯವರು, ಆದರೆ ಎದುರುಬದುರು ಮಾತಾಡಿದ್ದು ಅವತ್ತೇ ಮೊದಲು! 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಊಟ ಹಾಕುವ ಜಾಗ, ಹೊತ್ತು ಗೊತ್ತು ಮಾಡುವುದು ನಿವಾಸಿಗಳ ಸಂಘದ ಹೊಣೆ. ಮಕ್ಕಳು ಆಡುವ ಕಡೆ, ಮೆಟ್ಟಿಲ ಹತ್ತಿರ ಆ ಜಾಗ ಇರಬಾರದು. ಇದನ್ನು ಓದಿ ಹೇಳಿದೆ. ಹಿರಿಯರು ಕೇಳುತ್ತಿದ್ದದ್ದೂ ಅದನ್ನೇ ಅಲ್ವಾ? ಶಾಲೆಯ ಹೊತ್ತು ಬಿಟ್ಟು, ಖಾಲಿ ಸೈಟಿನ ಮೂಲೆಯಲ್ಲಿ ಹಾಕುವುದು ಅಂತ ಒಪ್ಪಿಕೊಂಡರು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ನಾಯಿ ಹಿಡಿಯುವವರು ಬಂದಾಗ ಮೇಡಂ ಜೊತೆಗೇ ನಿಂತರು. ನಾಯಿಗಳು ಅವರ ಮಾತು ಕೇಳುತ್ತವೆ.

ಫಾರ್ವರ್ಡ್ ವಿಷಯದಲ್ಲಿ ಮಾತ್ರ ನಾನು ಬಿಗಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಗಾಳಿಸುದ್ದಿಗೆ ಬೆಂಗಳೂರಿನಲ್ಲೇ ಒಬ್ಬರ ಜೀವ ಹೋಯಿತು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಅವರ ತಂಡದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಹಾಗಾಗಿ ಜೋಡಿ ಬಾಣದ ಗುರುತಿರುವ, ಅಂದರೆ ಹಲವು ಸಲ ಫಾರ್ವರ್ಡ್ ಆಗಿರುವ ಸಂದೇಶ ಬಂದರೆ ಹಾಕಿದವರನ್ನು ಕೇಳುತ್ತೇನೆ: ಎಲ್ಲಿ, ಯಾವಾಗ, ನೋಡಿದವರು ಯಾರು? ಉತ್ತರ ಇಲ್ಲದಿದ್ದರೆ ಅಳಿಸುತ್ತೇನೆ. ಹಾಕಿದವರು ನನ್ನ ಸ್ನೇಹಿತರಾದರೂ ಅಷ್ಟೇ.

ಪಕ್ಷಗಳ ಜಗಳ ಇನ್ನೂ ಪೂರ್ತಿ ನಿಂತಿಲ್ಲ. ಅದಕ್ಕೆ ಬೇರೆ ಗ್ರೂಪ್ ಮಾಡಿದ್ದೇವೆ, ಬೇಕಾದವರು ಅಲ್ಲಿದ್ದಾರೆ. ತೀರಾ ಕೈಮೀರಿದರೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಒಂದೆರಡು ಗಂಟೆ ಮುಚ್ಚುತ್ತೇನೆ. ಅದಕ್ಕಿಂತ ಜಾಸ್ತಿ ಮುಚ್ಚುವುದಿಲ್ಲ. ಯಾರ ಮನೆಯಲ್ಲಾದರೂ ತುರ್ತಾಗಿ ರಕ್ತ ಬೇಕಾಗಬಹುದು.