ಹಳೆಯ ಒಡಂಬಡಿಕೆಯ ಆಜ್ಞೆಯನ್ನು ಇವತ್ತಿನ ಬದುಕಿಗೆ ತರುವುದು ಹೇಗೆ?

ಮೈಸೂರಿನಲ್ಲಿ ಮನೆ ಕಟ್ಟಿಕೊಡುವ ಗುತ್ತಿಗೆ ನನ್ನ ಕಸುಬು. ಬುಧವಾರ ಸಂಜೆ ನಮ್ಮ ಮನೆಯಲ್ಲಿ ಕ್ರೈಸ್ತ ಸಭೆಯ ಹುಡುಗ ಹುಡುಗಿಯರು ಸತ್ಯವೇದ (ಬೈಬಲ್) ಓದಲು ಸೇರುತ್ತಾರೆ. ಅಲ್ಲಿ ಜಾಸ್ತಿ ಬರುವ ಪ್ರಶ್ನೆ ಇದು: "ಅಂಕಲ್, ಮೋಶೆಯ ಆಜ್ಞೆಗಳು ನಮಗೂ ಲಾಗೂ ಆಗುತ್ತವಾ?"

ಆ ಆಜ್ಞೆಗಳು ಇರುವುದು ಹಳೆಯ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನ ಯೇಸುವಿಗೆ ಮೊದಲಿನ ಭಾಗದಲ್ಲಿ. ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಒಂದು, "ನಾವು ಕೃಪೆಯಲ್ಲಿದ್ದೇವೆ, ಮೋಶೆಯ ಧರ್ಮಶಾಸ್ತ್ರ ಮುಗಿಯಿತು." ಹೀಗೆ ಹೇಳುವವರ ಬೈಕನ್ನು ಯಾರಾದರೂ ಕದಿಯಲಿ, ಕದಿಯಬಾರದೆಂಬ ಆಜ್ಞೆ ಕೂಡಲೇ ನೆನಪಾಗುತ್ತದೆ. ಇನ್ನೊಂದು, "ದೇವರ ವಾಕ್ಯ ಅಂದ ಮೇಲೆ ಎಲ್ಲವನ್ನೂ ಪಾಲಿಸಬೇಕು." ಹೀಗೆ ಹೇಳುವವರು, ಮೋಶೆಯ ಆಜ್ಞೆಯಲ್ಲಿ ತಿನ್ನಬಾರದು ಎಂದಿರುವ ಹಂದಿ ಮಾಂಸವನ್ನು ಊಟಕ್ಕೆ ಬಡಿಸಿದರೆ ಎದ್ದು ಹೋಗುವುದನ್ನು ನಾನಂತೂ ನೋಡಿಲ್ಲ. ಎರಡೂ ಉತ್ತರ ಕೆಲಸಕ್ಕೆ ಬರುವುದಿಲ್ಲ. ಒಂದೊಂದು ಆಜ್ಞೆಯನ್ನೂ ಬೇರೆಬೇರೆಯಾಗಿ ಕೈಗೆತ್ತಿಕೊಂಡು ನೋಡಬೇಕು. ನಾನು ನೋಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ನಾನು ಅಯ್ಯನವರಲ್ಲ (ಪಾದ್ರಿಯಲ್ಲ), ದೇವಶಾಸ್ತ್ರದ ಕಾಲೇಜಿಗೆ ಹೋದವನೂ ಅಲ್ಲ. ಹಾಗಾಗಿ ಉದಾಹರಣೆಗಳೆಲ್ಲ ಸೈಟಿನಿಂದಲೇ ಬರುತ್ತವೆ.

ವಚನ ಅಲ್ಲ, ಅಧ್ಯಾಯ ಓದಿ

ಇದು ಮೊದಲ ಹೆಜ್ಜೆ. ವಿಮೋಚನಕಾಂಡ 20ನ್ನು ತೆರೆಯಿರಿ. ಹತ್ತು ಆಜ್ಞೆಗಳು ಅಲ್ಲಿವೆ. ಆದರೆ ಮೊದಲು ಬರುವುದು ಆಜ್ಞೆಯಲ್ಲ. ನಿಮ್ಮನ್ನು ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡಿಸಿದವನು ನಾನೇ ಎಂದು ದೇವರು ಇಸ್ರಾಯೇಲ್ಯರಿಗೆ ಮೊದಲು ಹೇಳುತ್ತಾನೆ. ಆಮೇಲೆ "ಹೀಗೆ ಬಾಳಿರಿ" ಅನ್ನುತ್ತಾನೆ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಆಜ್ಞೆ ಪಾಲಿಸಿ ರಕ್ಷಣೆ ಗಳಿಸಿಕೊಳ್ಳಬೇಕು ಎಂಬ ಲೆಕ್ಕ ಹಳೆಯ ಒಡಂಬಡಿಕೆಯಲ್ಲೂ ಇಲ್ಲ. ಈ ಕ್ರಮ ತಪ್ಪಿಸಿ ಓದಿದರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ.

ಆಮೇಲೆ ಯಾಜಕಕಾಂಡ 19ನ್ನು ಒಂದೇ ಸಲಕ್ಕೆ ಪೂರ್ತಿ ಓದಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತು 18ನೇ ವಚನದಲ್ಲಿದೆ. ಯೇಸು ಎತ್ತಿ ಹೇಳಿದ ಎರಡು ದೊಡ್ಡ ಆಜ್ಞೆಗಳಲ್ಲಿ ಇದೂ ಒಂದು. ಅದರ ಮರು ವಚನದಲ್ಲೇ ಎರಡು ತರದ ನೂಲಿನ ಬಟ್ಟೆ ಹಾಕಬೇಡ ಎಂದಿದೆ. ಅದೇ ಅಧ್ಯಾಯದಲ್ಲಿ ಕೊಯ್ದ ಮೇಲೆ ಹೊಲದಲ್ಲಿ ಉಳಿದ ಹಕ್ಕಲನ್ನು ಬಡವರಿಗೆ ಬಿಡು, ನರೆಗೂದಲಿನವರ ಮುಂದೆ ಎದ್ದು ನಿಲ್ಲು, ತಕ್ಕಡಿ ಸರಿ ಇರಲಿ, ಪರದೇಶದವನನ್ನು ಪೀಡಿಸಬೇಡ ಎಂದೂ ಇದೆ. ಇದು ನೀತಿಯದು, ಇದು ಆಚಾರದ್ದು ಎಂದು ಯಾವುದರ ಮೇಲೂ ಚೀಟಿ ಅಂಟಿಸಿಲ್ಲ.

ಚೀಟಿ ಅಂಟಿಸಿದವರು ಆಮೇಲಿನವರು. 13ನೇ ಶತಮಾನದಲ್ಲಿ ದೇವಶಾಸ್ತ್ರ ಪಂಡಿತ ಥಾಮಸ್ ಅಕ್ವಿನಾಸ್ ಇವನ್ನು ನೀತಿಯ ಆಜ್ಞೆ, ಆರಾಧನೆಯ ಆಜ್ಞೆ, ನ್ಯಾಯಾಡಳಿತದ ಆಜ್ಞೆ ಎಂದು ಮೂರು ಭಾಗ ಮಾಡಿದರು. ಪ್ರೊಟೆಸ್ಟೆಂಟರು ತಮ್ಮ ನಂಬಿಕೆಯನ್ನು ಬರೆದಿಟ್ಟ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದ 19ನೇ ಅಧ್ಯಾಯವೂ ಅದೇ ದಾರಿ ಹಿಡಿಯಿತು. ಬಲಿ, ಹಬ್ಬ, ಶುದ್ಧಾಚಾರಗಳು ಕ್ರಿಸ್ತನಲ್ಲಿ ಮುಗಿದವು. ಇಸ್ರಾಯೇಲ್ ರಾಜ್ಯದ ಕಾಯ್ದೆಗಳು ಆ ರಾಜ್ಯದೊಂದಿಗೇ ಹೋದವು, ಆದರೆ ಅವುಗಳೊಳಗಿನ ನ್ಯಾಯದ ತಿರುಳು ಉಳಿಯಿತು. ನೀತಿಯ ಆಜ್ಞೆ ಎಲ್ಲರಿಗೂ ಯಾವಾಗಲೂ ಇದೆ. ಈ ವಿಂಗಡಣೆ ಉಪಯೋಗಕ್ಕೆ ಬರುತ್ತದೆ, ನಾನೂ ಬಳಸುತ್ತೇನೆ. ಆದರೆ ಇದೊಂದನ್ನೇ ನಂಬಿಕೊಂಡರೆ, ನಮಗೆ ಕಷ್ಟ ಅನಿಸಿದ್ದನ್ನೆಲ್ಲ "ಅದು ಆ ಕಾಲದ್ದು" ಎಂದು ಪಕ್ಕಕ್ಕಿಡುವುದು ಬಹಳ ಸುಲಭ.

ಹೊಸ ಒಡಂಬಡಿಕೆ ಅದಕ್ಕೆ ಏನು ಮಾಡಿದೆ ನೋಡಿ

ಇದು ಎರಡನೇ ಹೆಜ್ಜೆ. ಕೆಲವು ಆಜ್ಞೆಗಳು ಇನ್ನು ನಮ್ಮನ್ನು ಕಟ್ಟುವುದಿಲ್ಲ ಎಂದು ಅಲ್ಲೇ ತೀರ್ಮಾನ ಆಗಿಬಿಟ್ಟಿದೆ. ಊಟದ ನಿಯಮಕ್ಕೆ ಮಾರ್ಕ 7 ಮತ್ತು ಅಪೊಸ್ತಲರ ಕೃತ್ಯಗಳು 10. ಸುನ್ನತಿಗೆ ಅಪೊಸ್ತಲರ ಕೃತ್ಯಗಳು 15. ಬಲಿಗೆ ಇಬ್ರಿಯರಿಗೆ 10. ಇವುಗಳ ಬಗ್ಗೆ ಮತ್ತೆ ಜಗಳ ಬೇಡ. ಇನ್ನು ಕೆಲವನ್ನು ಯೇಸು ಸಡಿಲ ಮಾಡಲಿಲ್ಲ, ಬಿಗಿ ಮಾಡಿದನು. ಮತ್ತಾಯ 5ರಲ್ಲಿ ಕೊಲೆಯ ಆಜ್ಞೆ ಸಿಟ್ಟಿನವರೆಗೂ, ವ್ಯಭಿಚಾರದ ಆಜ್ಞೆ ಕಣ್ಣಿನವರೆಗೂ ಹೋಗುತ್ತದೆ.

ನನಗೆ ಜಾಸ್ತಿ ಸಹಾಯವಾದದ್ದು ಎತ್ತಿನ ಆಜ್ಞೆ. ಕಣ ತುಳಿಯುವ ಎತ್ತಿಗೆ ಬಾಯಿಕುಕ್ಕೆ ಹಾಕಬೇಡ ಎಂದು ಧರ್ಮೋಪದೇಶಕಾಂಡ 25:4 ಹೇಳುತ್ತದೆ. ಕೊರಿಂಥ ಊರಿನ ಸಭೆಯವರಿಗೆ ಅಪೊಸ್ತಲ ಪೌಲನು ತನ್ನ ಪತ್ರದಲ್ಲಿ ಇದನ್ನೇ ಎತ್ತಿ ಬರೆದನು. ಅವನು ಎತ್ತಿನ ಮಾತಿಗೇ ನಿಲ್ಲಲಿಲ್ಲ, "ನಮ್ಮ ಹತ್ತಿರ ಎತ್ತಿಲ್ಲ, ಹಾಗಾಗಿ ಇದು ನಮಗಲ್ಲ" ಎಂದೂ ಬಿಡಲಿಲ್ಲ. ದುಡಿಯುವವನಿಗೆ ಆ ದುಡಿಮೆಯಿಂದಲೇ ಹೊಟ್ಟೆಗೆ ಸಿಗಬೇಕು ಎಂಬ ತಿರುಳನ್ನು ತೆಗೆದು ಸುವಾರ್ತೆ ಸಾರುವವರ ಜೀವನಕ್ಕೆ ಹಚ್ಚಿದನು. ಒಂದನೇ ತಿಮೊಥೆಯ 5:18ರಲ್ಲಿ ಮತ್ತೆ ಅದನ್ನೇ ಹೇಳುತ್ತಾನೆ. ಹಳೆಯ ಆಜ್ಞೆಯನ್ನು ಬಳಸುವ ಮಾದರಿ ಬೇಕೆಂದರೆ ಇಲ್ಲಿಗಿಂತ ಚೆನ್ನಾಗಿ ಬೇರೆಲ್ಲೂ ಸಿಗದು.

ಶಿಕ್ಷೆಯ ವಿಷಯ ಇದೇ ಹೆಜ್ಜೆಗೆ ಸೇರಿದ್ದು. "ಆಜ್ಞೆ ಇದೆ ಅನ್ನುವುದಾದರೆ ಕಲ್ಲೆಸೆದು ಕೊಲ್ಲುವುದೂ ಇರಬೇಕಲ್ವಾ?" ಎಂದು ಕಾಲೇಜು ಹುಡುಗರು ಕೇಳುತ್ತಾರೆ. ಕೇಳಲಿ, ನ್ಯಾಯವಾದ ಪ್ರಶ್ನೆ. ಒಂದನೇ ಕೊರಿಂಥ 5 ನೋಡಿ. ಅಲ್ಲಿ ಒಬ್ಬ ತನ್ನ ತಂದೆಯ ಹೆಂಡತಿಯನ್ನು ಇಟ್ಟುಕೊಂಡಿದ್ದ. ಯಾಜಕಕಾಂಡದಲ್ಲಿ ಇದಕ್ಕೆ ಮರಣಶಿಕ್ಷೆ. ಪೌಲನು ಆಜ್ಞೆಯನ್ನು ಒಂದಿಷ್ಟೂ ಬಿಟ್ಟುಕೊಡಲಿಲ್ಲ. ಆದರೆ ಅವನು ಹೇಳಿದ ಶಿಕ್ಷೆ ಸಭೆಯಿಂದ ಹೊರಗಿಡುವುದು, ಅದೂ ಅವನ ಆತ್ಮ ಉಳಿಯಲಿ ಎಂದು. ಸಭೆಯ ಕೈಗೆ ಕತ್ತಿ ಕೊಟ್ಟಿಲ್ಲ.

ಅದು ಯಾರನ್ನು ಕಾಯುತ್ತಿತ್ತು?

ಮೂರನೇ ಹೆಜ್ಜೆ ಈ ಪ್ರಶ್ನೆ. ನನ್ನ ಕೆಲಸಕ್ಕೆ ನೇರ ತಗಲುವ ಆಜ್ಞೆ ಧರ್ಮೋಪದೇಶಕಾಂಡ 22:8. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತಲೂ ಗೋಡೆ ಕಟ್ಟು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧ ನಿನ್ನ ಮನೆಗೆ ಬರುತ್ತದೆ ಎಂದು ಅದು ಹೇಳುತ್ತದೆ. ಅಲ್ಲಿಯ ಮನೆಗಳಿಗೆ ಸಮತಟ್ಟು ಮಾಳಿಗೆ. ಜನ ಮೇಲೆ ಓಡಾಡುತ್ತಿದ್ದರು, ಮಲಗುತ್ತಿದ್ದರು. ನಮ್ಮ ತಾರಸಿಯ ಕಥೆಯೂ ಅಷ್ಟೇ. ಹಪ್ಪಳ ಸಂಡಿಗೆ, ಒಗೆದ ಬಟ್ಟೆ, ಗಾಳಿಪಟ ಹಾರಿಸುವ ಮಕ್ಕಳು.

ಮನೆ ಓನರ್ ಏನು ಹೇಳುತ್ತಾರೆ ಗೊತ್ತಾ? "ಮುಂದೆ ಮೊದಲ ಮಹಡಿ ಎತ್ತುತ್ತೇವೆ, ಈಗ ಪ್ಯಾರಪೆಟ್ ಕಟ್ಟಿ ಆಮೇಲೆ ಒಡೆಯೋದು ದಂಡ. ಕಾಲಂ ಕಂಬಿ ಹಾಗೇ ಬಿಡಿ." ಆ "ಮುಂದೆ" ಎಷ್ಟೋ ವರ್ಷ ಬರುವುದಿಲ್ಲ. ಅಂಚು ಬೋಳಾಗಿ, ಕಂಬಿ ತುಕ್ಕು ಹಿಡಿದು ನಿಂತಿರುತ್ತದೆ. ನಾನು ಒಪ್ಪುವುದಿಲ್ಲ. ಮೂರೂವರೆ ಅಡಿ ಬ್ಲಾಕ್ ಗೋಡೆ ಬೇಡವೆಂದರೆ ಪೈಪ್ ರೇಲಿಂಗ್ ಆದರೂ ಹಾಕಿಸಲೇಬೇಕು. ಅದಕ್ಕೆ ಒಪ್ಪಿದರೆ ಮಾತ್ರ ಅಗ್ರಿಮೆಂಟ್. ಕಾರಣ ಕೇಳಿದವರಿಗೆ ವಚನ ಹೇಳುತ್ತೇನೆ. ಹಿಂದೂ ಓನರ್‌ಗಳೂ ಇದಕ್ಕೆ ಎದುರಾಡಿದ್ದಿಲ್ಲ.

ಕೊಲ್ಲಬೇಡ ಅನ್ನುವ ಆಜ್ಞೆ ಇಲ್ಲಿ ಮೈತುಂಬಿಕೊಂಡು ನಿಂತಿದೆ. ಕೈಯಿಂದ ಯಾರನ್ನೂ ಕೊಲ್ಲದಿದ್ದರೆ ಸಾಲದು, ಸಾವಿಗೆ ದಾರಿ ತೆರೆದಿಡಬಾರದು. ತಾರಸಿ ಬಿಟ್ಟು ಬೇರೆ ಎಲ್ಲಿ ಇದನ್ನು ಹಚ್ಚಬಹುದು ಎಂದು ಕೂಟದಲ್ಲಿ ಕೇಳಿದರೆ ಹುಡುಗರು ಪಟಪಟನೆ ಹೇಳುತ್ತಾರೆ: ಮುಚ್ಚಳ ಇಲ್ಲದ ಸಂಪ್, ಸಡಿಲ ಕಟ್ಟಿದ ಸಾರವೆ, ಲಿಫ್ಟ್ ಗುಂಡಿ, ಟೇಪ್ ಸುತ್ತದೆ ಎಳೆದ ಕರೆಂಟ್ ವೈರ್. ನರ್ಸಿಂಗ್ ಓದುವ ಹುಡುಗಿಯೊಬ್ಬಳು ತನ್ನ ವಾರ್ಡಿನ ಹಾಸಿಗೆಯ ಪಕ್ಕದ ಸರಳನ್ನು ಹೇಳಿದಳು. ನನಗದು ಹೊಳೆದಿರಲಿಲ್ಲ.

ನಿಮ್ಮ ಜೇಬಿಗೆ ಹಚ್ಚಿ ನೋಡಿ

ಯಾರದೋ ಮೈಮೇಲಿನ, ಯಾರದೋ ಮನೆಯೊಳಗಿನ ಪಾಪದ ಬಗ್ಗೆ ವಚನ ಹುಡುಕುವುದರಲ್ಲಿ ನಮ್ಮ ಜನ ಗಟ್ಟಿ. ದುಡ್ಡಿನ ವಚನಗಳು ಬಂದಾಗ ಪುಟ ಬೇಗ ತಿರುಗುತ್ತದೆ. ಆದ್ದರಿಂದ ಹೊಸಬರಿಗೆ ನಾನು ಮೊದಲು ಓದಿಸುವುದು ಧರ್ಮೋಪದೇಶಕಾಂಡ 24.

ಅಲ್ಲಿ 14 ಮತ್ತು 15ನೇ ವಚನ ಕೂಲಿಯ ಬಗ್ಗೆ. ಬಡ ಕೂಲಿಯವನಿಗೆ ಹೊತ್ತು ಮುಳುಗುವ ಮೊದಲೇ ಅವತ್ತಿನ ಕೂಲಿ ಕೊಡಬೇಕು. ಅವನು ನಿಮ್ಮವನಾದರೂ ಅಷ್ಟೇ, ಪರದೇಶದವನಾದರೂ ಅಷ್ಟೇ. ನಮ್ಮಲ್ಲಿ ಬಟವಾಡೆ ಶನಿವಾರ. ಹಾಗಾದರೆ ವಾರಕ್ಕೊಮ್ಮೆ ಕೊಡುವುದು ಆಜ್ಞೆ ಮುರಿದಂತೆಯೇ? ಮೊದಲೇ ಮಾತಾಗಿದ್ದರೆ, ನಡುವೆ ಖರ್ಚಿಗೆ ಕೇಳಿದಾಗ ಗೊಣಗದೆ ಕೊಡುವುದಾದರೆ, ಅಲ್ಲ ಅಂತ ನನ್ನ ಅಭಿಪ್ರಾಯ. ಆಜ್ಞೆ ಕಾಯುತ್ತಿರುವುದು ಅವನ ಒಲೆಯನ್ನು. ಆದರೆ ಆಳು ಬೇರೆ ಸೈಟಿಗೆ ಹೋಗದಿರಲಿ ಎಂದು ಎರಡು ವಾರದ ಕೂಲಿ ಹಿಡಿದಿಟ್ಟುಕೊಳ್ಳುವ ಪದ್ಧತಿ ಇದೆಯಲ್ಲ, ಅದನ್ನು ಈ ವಚನ ನೇರವಾಗಿ ಹೊಡೆಯುತ್ತದೆ. "ಓನರ್ ಬಿಲ್ ಇನ್ನೂ ಪಾಸಾಗಿಲ್ಲ" ಅನ್ನುವುದು ನನ್ನ ಮತ್ತು ಓನರ್ ನಡುವಿನ ಮಾತು. ರಾಯಚೂರಿನಿಂದ, ಬಿಹಾರದಿಂದ ಬಂದ ಗಾರೆ ಆಳಿಗೂ ಅದಕ್ಕೂ ಸಂಬಂಧ ಇಲ್ಲ. ತಡೆದಿಟ್ಟ ಕೂಲಿಯೇ ಕೂಗುತ್ತದೆ ಎಂದು ಯಾಕೋಬನು ತನ್ನ ಪತ್ರದ 5:4ರಲ್ಲಿ ಬರೆದನು. ಅಲ್ಲಿಗೆ ಹೊಸ ಒಡಂಬಡಿಕೆಯ ಸಹಿಯೂ ಬಿತ್ತು.

ಅದೇ ಅಧ್ಯಾಯದ 6ನೇ ವಚನ ನೋಡಿ: ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡ, ಅದು ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ. ಈಗ ಮನೆಯಲ್ಲಿ ಬೀಸುವ ಕಲ್ಲು ಎಲ್ಲಿದೆ ಎಂದು ಮುಂದೆ ಹೋಗಬೇಡಿ. ಅಡ್ವಾನ್ಸ್ ತೀರುವವರೆಗೆ ಟೈಲ್ಸ್ ಕೆಲಸದವನ ಕಟಿಂಗ್ ಮಷಿನ್ ಎತ್ತಿಟ್ಟುಕೊಳ್ಳುವವರಿದ್ದಾರೆ. ಆಧಾರ್ ಕಾರ್ಡು, ಎಟಿಎಂ ಕಾರ್ಡು ಇಸಿದುಕೊಂಡು ಬೀಗ ಹಾಕುವವರಿದ್ದಾರೆ. ಅವನ ಅನ್ನದ ದಾರಿಯನ್ನೇ ಕಟ್ಟಿ ಸಾಲ ತೀರಿಸು ಅನ್ನುವುದು ಯಾವ ನ್ಯಾಯ?

ಬಡ್ಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವಿಮೋಚನಕಾಂಡ 22:25 ಬಡವನಿಗೆ ಕೊಟ್ಟ ಸಾಲದ ಬಡ್ಡಿಯನ್ನು ತಡೆಯುತ್ತದೆ. 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಜಾನ್ ಕ್ಯಾಲ್ವಿನ್ ವ್ಯಾಪಾರದ ಸಾಲ ಬೇರೆ, ಬಡವನ ಸಾಲ ಬೇರೆ ಎಂದು ವಿಂಗಡಿಸಿದರು. ನನಗೂ ಅದೇ ಸರಿ ಅನಿಸುತ್ತದೆ. ಬ್ಯಾಂಕಿನಲ್ಲಿ ಡೆಪಾಸಿಟ್ ಇಡಿ. ಮಗುವಿನ ಆಸ್ಪತ್ರೆ ಖರ್ಚಿಗೆ ಕೈ ಚಾಚಿದ ಚಿತ್ತಾಳಿಗೆ (ಸೈಟಿನ ಕೈಯಾಳಿಗೆ) ಬಡ್ಡಿ ಹಾಕಬೇಡಿ.

ಒಮ್ಮತ ಇಲ್ಲದ ಕಡೆ

ಸಬ್ಬತ್ ದಿನ, ಅಂದರೆ ವಾರದ ವಿಶ್ರಾಂತಿಯ ದಿನ, ಅಂಥದ್ದು. ಶನಿವಾರವೇ ಆಚರಿಸಬೇಕು ಅನ್ನುವ ಕ್ರೈಸ್ತರಿದ್ದಾರೆ, ಅದು ಭಾನುವಾರಕ್ಕೆ ಬಂತು ಅನ್ನುವವರಿದ್ದಾರೆ, ಎಲ್ಲ ದಿನವೂ ಒಂದೇ ಅನ್ನುವವರೂ ಇದ್ದಾರೆ. ರೋಮಾಪುರದವರಿಗೆ 14ರಲ್ಲಿ ಪೌಲನು ಇದಕ್ಕೆ ಜಾಗ ಬಿಟ್ಟಿದ್ದಾನೆ: ಅವರವರ ಮನಸ್ಸಿನಲ್ಲಿ ನಿಶ್ಚಯ ಇರಲಿ, ಒಬ್ಬರನ್ನೊಬ್ಬರು ತೀರ್ಪು ಮಾಡಬೇಡಿ.

ನನ್ನ ನಿಶ್ಚಯ ಹೀಗಿದೆ. ಆಜ್ಞೆಯಲ್ಲಿ ಯಜಮಾನನ ಜೊತೆ ಆಳು, ದನ, ಪರದೇಶದವನು ಎಲ್ಲರಿಗೂ ವಿಶ್ರಾಂತಿ ಇದೆ. ನೀವೂ ಗುಲಾಮರಾಗಿದ್ದಿರಿ, ನೆನಪಿರಲಿ ಎಂದು ಧರ್ಮೋಪದೇಶಕಾಂಡ 5 ಕಾರಣ ಕೊಡುತ್ತದೆ. ಹಾಗಾಗಿ ನಾನು ಆರಾಧನೆಗೆ ಹೋಗಿ ಸೈಟಿನಲ್ಲಿ ಆಳುಗಳನ್ನು ದುಡಿಸುವುದು ಸರಿಯಲ್ಲ. ಭಾನುವಾರ ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವುದಿಲ್ಲ. ಆದರೆ ಶುಕ್ರವಾರ ಹಾಕಿದ ಮೋಲ್ಡಿಗೆ ಭಾನುವಾರ ನೀರು ಕಟ್ಟಲೇಬೇಕು, ಇಲ್ಲದಿದ್ದರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ತಿನಲ್ಲಿ ಎಳೆಯುವುದಿಲ್ಲವೇ ಎಂದು ಲೂಕ 14ರಲ್ಲಿ ಯೇಸು ಕೇಳಿದ್ದು ನನಗೆ ಇಲ್ಲಿ ಸಾಕು. ಕ್ಯೂರಿಂಗಿಗೆ ಒಬ್ಬರು ಬರುತ್ತಾರೆ, ಪಾಳಿ ಪ್ರಕಾರ, ಬೇರೆ ಕೂಲಿ ಕೊಟ್ಟು. ಕೆಲವು ಸಲ ಆ ಪಾಳಿ ನನ್ನದೇ. ರಜೆ ಬೇಡ, ಕೂಲಿ ಬೇಕು ಅನ್ನುವ ಆಳುಗಳೂ ಇದ್ದಾರೆ. ಅದನ್ನು ಬಗೆಹರಿಸುವುದು ರಜೆ ಘೋಷಿಸಿದಷ್ಟು ಸುಲಭ ಅಲ್ಲ. ಆರು ದಿನದ ಕೂಲಿಯಲ್ಲಿ ಏಳು ದಿನ ಬದುಕುವಷ್ಟು ಕೊಡುತ್ತಿದ್ದೇನಾ ಎಂಬ ಪ್ರಶ್ನೆ ತಿರುಗಿ ನನ್ನ ಮುಂದೆಯೇ ಬರುತ್ತದೆ.

ಇನ್ನೊಂದು ಸಣ್ಣ ಮಾತು. ಮಾತಾಡುವಾಗ ಆಜ್ಞೆಯ ನಂಬರ್ ಹೇಳಬೇಡಿ, ಆಜ್ಞೆಯನ್ನೇ ಹೇಳಿ. ಕಥೋಲಿಕರು ವಿಗ್ರಹದ ಆಜ್ಞೆಯನ್ನು ಮೊದಲನೆಯದರ ಜೊತೆ ಸೇರಿಸಿ, ಆಶಿಸಬೇಡ ಅನ್ನುವುದನ್ನು ಎರಡು ಮಾಡಿ ಎಣಿಸುತ್ತಾರೆ. ನಮ್ಮ ಆರನೆಯದು ಕೊಲೆ, ಅವರ ಆರನೆಯದು ವ್ಯಭಿಚಾರ. "ಆರನೇ ಆಜ್ಞೆ ಮೀರಿದ" ಎಂದು ಕಥೋಲಿಕ ಗೆಳೆಯರ ಮುಂದೆ ಯಾರ ಬಗ್ಗೆಯಾದರೂ ಹೇಳಿದರೆ ದೊಡ್ಡ ಗೊಂದಲ ಆಗುತ್ತದೆ.

ಕೊನೆಗೆ ಎಲ್ಲರೂ ಕೇಳುವ ಟ್ಯಾಟೂ. ಯಾಜಕಕಾಂಡ 19:28 ಸತ್ತವರಿಗಾಗಿ ಮೈ ಕುಯ್ದುಕೊಳ್ಳುವುದು, ಮೈಮೇಲೆ ಗುರುತು ಹಾಕಿಸಿಕೊಳ್ಳುವುದು ಎರಡನ್ನೂ ಒಟ್ಟಿಗೆ ಹೇಳುತ್ತದೆ. ಸುತ್ತಲಿನ ವಚನಗಳಲ್ಲಿ ಕಣಿ, ಸತ್ತವರ ಆತ್ಮಗಳನ್ನು ವಿಚಾರಿಸುವುದು ಇವೆಲ್ಲ ಇವೆ. ಬೇರೆ ಜನರ ಆರಾಧನೆಯ ರೂಢಿಗಳಿಂದ ಇಸ್ರಾಯೇಲ್ಯರನ್ನು ದೂರ ಇಡುವ ಮಾತು ಅದು ಎಂದು ನನಗೆ ಕಾಣುತ್ತದೆ. ಹೊಸ ಒಡಂಬಡಿಕೆ ಅದನ್ನು ಮತ್ತೆ ಎತ್ತಿಲ್ಲ. ನಮ್ಮ ಅಜ್ಜಿಯಂದಿರ ಕೈಮೇಲೆ ಹಚ್ಚೆ ಇತ್ತು, ಅವರ ವಿಶ್ವಾಸಕ್ಕೆ ಅದು ಅಡ್ಡ ಬರಲಿಲ್ಲ. ಮಣಿಕಟ್ಟಿನ ಮೇಲೆ ಶಿಲುಬೆ ಹಾಕಿಸಿಕೊಂಡು ಬಂದ ಹುಡುಗನಿಗೆ ಆ ಒಂದು ವಚನ ಹಿಡಿದು "ಇದು ಪಾಪ" ಅನ್ನಲು ನನಗೆ ಆಗುವುದಿಲ್ಲ. ಅಪ್ಪ ಅಮ್ಮನಿಗೆ ಸುಳ್ಳು ಹೇಳಿ ಫೀಸಿನ ದುಡ್ಡಲ್ಲಿ ಹಾಕಿಸಿಕೊಂಡಿದ್ದರೆ ಮಾತು ಬೇರೆ. ಆಗ ತಂದೆತಾಯಿಯನ್ನು ಸನ್ಮಾನಿಸು ಅನ್ನುವ ಆಜ್ಞೆಯ ಹತ್ತಿರ ಕೂತು ಮಾತಾಡಬೇಕು, ಯಾಜಕಕಾಂಡದವರೆಗೆ ಹೋಗುವುದೇ ಬೇಡ.